ತಾರೀಖಿಗಿಂತ ಮೊದಲು ಅಳತೆ

ದರ್ಜಿಯ ರಸೀದಿ ಪುಸ್ತಕ ನೋಡಿ. ರವಿಕೆಯ ಎದೆ, ತೋಳು, ಉದ್ದದ ಅಳತೆ, ಲೈನಿಂಗ್ ಬೇಕೋ ಬೇಡವೋ, ಹುಕ್ ಹಿಂದೆಯೋ ಮುಂದೆಯೋ ಎಲ್ಲವನ್ನೂ ಬರೆದು, ಗುರುತಿಗೆ ಬಟ್ಟೆಯ ಚೂರೊಂದನ್ನು ಪಿನ್ ಮಾಡಿರುತ್ತಾರೆ. ಕೊನೆಗೆ ಕೊಡುವ ತಾರೀಖು. ಕಂಪನಿಗಳ ಭಾಷೆಯಲ್ಲಿ ಮೊದಲಿನದು ಸೇವಾ ವಿವರಣೆ, ಕೊನೆಯದು ಸರ್ವಿಸ್ ಲೆವೆಲ್ ಅಗ್ರಿಮೆಂಟ್, ಅಂದರೆ ಎಸ್‌ಎಲ್‌ಎ. ಏನು ಕೊಡುತ್ತೇವೆ ಎಂಬುದು ಒಂದು. ಎಷ್ಟು ಬೇಗ, ಎಷ್ಟು ಸರಿಯಾಗಿ ಕೊಡುತ್ತೇವೆ, ತಪ್ಪಿದರೆ ಏನು ತೆರುತ್ತೇವೆ ಎಂಬುದು ಇನ್ನೊಂದು. ಜಗಳವೆಲ್ಲ ನಡೆಯುವುದು ತಾರೀಖಿನ ಮೇಲೆ. ಆದರೆ ಅಳತೆಯೇ ಬರೆಯದ ಚೀಟಿಯಲ್ಲಿ ತಾರೀಖಿಗೆ ಏನು ಬೆಲೆ? ಶುಕ್ರವಾರ ಯಾವುದೋ ಒಂದು ರವಿಕೆ ಕೈಗಿಟ್ಟರೂ ದರ್ಜಿ ಮಾತು ಉಳಿಸಿಕೊಂಡಂತೆಯೇ.

ನಮ್ಮ ‘ಸಕಾಲ’ವನ್ನೇ ತೆಗೆದುಕೊಳ್ಳಿ. 2011ರ ಸೇವೆಗಳ ಖಾತರಿ ಕಾಯ್ದೆಯಡಿ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ಈ ವ್ಯವಸ್ಥೆ, ಸರ್ಕಾರವೇ ಪ್ರಜೆಗೆ ಬರೆದುಕೊಟ್ಟ ಎಸ್‌ಎಲ್‌ಎ. ಅರ್ಜಿಗೆ 15 ಅಂಕಿಯ ಸಂಖ್ಯೆ, ಪ್ರತಿ ಸೇವೆಗೂ ಇಷ್ಟು ದಿನ ಎಂಬ ಗಡುವು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ‘ನಾಳೆ ಬನ್ನಿ’ ಎಂಬ ಮಾತಿಗೆ ರಾಜ್ಯದಲ್ಲಿ ಕಾನೂನಿನ ಎದುರುತ್ತರ ಸಿಕ್ಕಿದ್ದು ಇದರಿಂದ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಗಡುವಿನ ಗಡಿಯಾರ ಓಡತೊಡಗುವುದು ಬೇಕಾದ ದಾಖಲೆಗಳೆಲ್ಲ ಸೇರಿದ ಪೂರ್ಣ ಅರ್ಜಿ ಸಲ್ಲಿಕೆಯಾದ ದಿನದಿಂದ. ಹಾಗಾದರೆ ‘ಪೂರ್ಣ’ ಎಂದರೆ ಯಾವುದು? ಅದನ್ನು ತೀರ್ಮಾನಿಸುವುದು ಸೇವೆಯ ವಿವರಣೆ. ಆ ಪಟ್ಟಿಯಲ್ಲಿ ‘ಇತರ ಅಗತ್ಯ ದಾಖಲೆಗಳು’ ಎಂಬ ಒಂದು ಸಾಲು ನುಸುಳಿದರೆ ಸಾಕು, ಗಡುವು 21 ದಿನದ್ದು ಎಂದಿದ್ದರೂ ಎಣಿಕೆ ಮೊದಲನೆಯ ದಿನಕ್ಕೇ ಕಾಲಿಡುವುದಿಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ಕಾಯ್ದೆಯ ಪ್ರಕಾರ ಅಧಿಕಾರಿ ಗಡುವಿನೊಳಗೆ ಸೇವೆ ಕೊಡಬಹುದು, ಇಲ್ಲವೇ ಕಾರಣ ಬರೆದು ಅರ್ಜಿ ತಿರಸ್ಕರಿಸಬಹುದು. ಎರಡೂ ‘ಸಕಾಲದಲ್ಲಿ ವಿಲೇವಾರಿ’ಯೇ. ಯಾವ ಕಾರಣಕ್ಕೆ ತಿರಸ್ಕರಿಸಬಹುದು ಎಂದು ವಿವರಣೆ ಬಿಗಿಯಾಗಿ ಹೇಳದಿದ್ದರೆ, ವಿಲೇವಾರಿಯ ಶೇಕಡಾವಾರು ಎಷ್ಟೇ ಏರಿದರೂ ಅರ್ಜಿದಾರನ ಕೈ ಬರಿದೇ.

ತಂತ್ರಜ್ಞಾನದ ಕಡೆ ಕಥೆ ತಿರುಗುಮುರುಗು. ಅಲ್ಲಿ ವಿವರಣೆಯೇ ಎದೆಯುಬ್ಬಿಸಿ ನಿಂತಿರುತ್ತದೆ. ಅಮೆಜಾನ್‌ನ ಎಸ್3 ಎಂಬ ಕ್ಲೌಡ್ ಉಗ್ರಾಣದ ಸಾಮಾನ್ಯ ದರ್ಜೆಯನ್ನು ಶೇ. 99.99 ಲಭ್ಯತೆಗೆ ರೂಪಿಸಲಾಗಿದೆ ಎನ್ನುತ್ತದೆ ವಿವರಣೆ. ಒಪ್ಪಂದದಲ್ಲಿ ಬದ್ಧತೆ ಶೇ. 99.9 ಮಾತ್ರ. ಒಂದು ಒಂಬತ್ತು ಉದುರಿದರೆ ಏನಾಯಿತು ಅನ್ನಬೇಡಿ: 30 ದಿನದ ತಿಂಗಳಿಗೆ ಸಮಯದ ಲೆಕ್ಕ ಹಾಕಿದರೆ ಅದು 4 ನಿಮಿಷಕ್ಕೂ 43 ನಿಮಿಷಕ್ಕೂ ಇರುವ ಅಂತರ. ಕಡತ ಕಳೆದುಹೋಗದು ಎಂಬುದಕ್ಕೆ ವಿವರಣೆಯಲ್ಲಿ ಹನ್ನೊಂದು ಒಂಬತ್ತುಗಳ ಭರವಸೆಯಿದೆ. ಒಪ್ಪಂದ ಅಳೆಯುವುದು ಕೋರಿಕೆಗಳಿಗೆ ಸಿಗುವ ದೋಷದ ಉತ್ತರಗಳನ್ನು, ಕಳೆದ ಕಡತಗಳನ್ನಲ್ಲ. ಇದರಲ್ಲಿ ಮೋಸವೇನೂ ಇಲ್ಲ. ವಿವರಣೆ ಹೇಳುವುದು ವಿನ್ಯಾಸವನ್ನು, ಒಪ್ಪಂದ ಹೇಳುವುದು ಹೊಣೆಯನ್ನು. ಒಂದನ್ನು ಓದಿ ಇನ್ನೊಂದನ್ನು ನಂಬಿದವನಿಗೆ ಮಾತ್ರ ಪೆಟ್ಟು.

ಉದ್ದನೆಯ ವಿವರಣೆ ಯಾರು ಓದುತ್ತಾರೆ, ಜನಕ್ಕೆ ಬೇಕಾದದ್ದು ಒಂದು ಸಂಖ್ಯೆ ಎನ್ನುವವರಿದ್ದಾರೆ. ಹೌದು, ಗೋಡೆಯ ಮೇಲೆ ಬರೆಯಲು ಸಂಖ್ಯೆಯೇ ಚೆಂದ. ಅದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು: ಎಲ್ಲವನ್ನೂ ಬರೆದಿಟ್ಟರೆ, ಬರೆಯದೇ ಉಳಿದದ್ದಕ್ಕೆಲ್ಲ ‘ಅದು ನಮ್ಮ ಕೆಲಸವಲ್ಲ’ ಎಂಬ ನೆಪ ಸಿಗುತ್ತದೆ. ಇದನ್ನು ಅಲ್ಲಗಳೆಯಲಾಗದು. ಆದರೆ ಈ ತೊಡಕು ಹುಟ್ಟುವುದು ವಿವರಣೆಯನ್ನು ಕೌಂಟರಿನ ಒಳಗೆ ಕೂತು ಬರೆದಾಗ. ಕಡತ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ ಎಂಬುದನ್ನು ಬಿಟ್ಟು, ಅರ್ಜಿದಾರ ಏನು ತರಬೇಕು, ಕೊನೆಗೆ ಅವನ ಕೈಗೆ ಏನು ಬರುತ್ತದೆ ಎಂದು ಬರೆದರೆ ಅರ್ಧ ಪುಟ ಸಾಕು, ನೆಪಕ್ಕೂ ಜಾಗ ಕಮ್ಮಿ. ದಂಡ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ವಾದವನ್ನು ನಾನಂತೂ ಒಪ್ಪಲಾರೆ. ದಿನಕ್ಕೆ 20ರಂತೆ 500 ರೂಪಾಯಿ 25 ದಿನಕ್ಕೆ ಮುಗಿಯುತ್ತದೆ, 26ನೇ ದಿನದಿಂದ ತಡ ಪುಕ್ಕಟೆ, ನಿಜ. ಆದರೆ ಗಡಿಯಾರವೇ ಓಡದಿದ್ದಲ್ಲಿ ದಂಡ 500 ಆದರೇನು, 5,000 ಆದರೇನು?

ಮುಂದಿನ ಸಲ ಸ್ವೀಕೃತಿ ಪತ್ರ ಕೈಗೆ ಬಂದಾಗ ಗಡುವಿನ ತಾರೀಖನ್ನಷ್ಟೇ ನೋಡಿ ಜೇಬಿಗಿಡಬೇಡಿ. ನೀವು ಕೊಟ್ಟ ದಾಖಲೆಗಳ ಹೆಸರು ಅದರಲ್ಲಿ ಬಂದಿದೆಯೇ ನೋಡಿ. ಇಲ್ಲದಿದ್ದರೆ ಕೌಂಟರ್ ಬಿಡುವ ಮೊದಲೇ ಬರೆಸಿಕೊಳ್ಳಿ.