ಟ್ರಂಕಿನಲ್ಲಿರುವ ಹಾಡಿನ ಫೋನನ್ನು ಗುಜರಿಗೆ ಹಾಕುವ ಮೊದಲು

ಮನೆಯಲ್ಲಿ ಹಳೆಯ ಮ್ಯೂಸಿಕ್ ಫೋನ್ ಬಿದ್ದಿದ್ದರೆ ಗುಜರಿಯವನಿಗೆ ಕೊಡಬೇಡಿ, ಒಮ್ಮೆ ಅದರೊಳಗೆ ಏನಿದೆ ನೋಡಿ ಎಂದು ಕಳೆದ ಸಭೆಯಲ್ಲಿ ಹೇಳಿದ್ದೆ. ಆಮೇಲೆ ಹಲವು ಸದಸ್ಯರು ಕೇಳಿದರು: ಚಾರ್ಜ್ ಆಗುತ್ತಿಲ್ಲ, ಕಾರ್ಡು ಕಂಪ್ಯೂಟರಿಗೆ ಹೊಂದುತ್ತಿಲ್ಲ, ಫೈಲು ಇದೆ ಆದರೆ ತೆರೆಯುವುದಿಲ್ಲ. ಒಬ್ಬೊಬ್ಬರಿಗೂ ಬೇರೆಬೇರೆ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

ಈಗ ಎಲ್ಲ ಫೋನೂ ಹಾಡುವುದರಿಂದ ‘ಮ್ಯೂಸಿಕ್ ಫೋನ್’ ಎಂದರೆ ಮಕ್ಕಳಿಗೆ ವಿಚಿತ್ರವಾಗಿ ಕೇಳಿಸುತ್ತದೆ. 2005ರಲ್ಲಿ ಸೋನಿ ಎರಿಕ್ಸನ್ ಡಬ್ಲ್ಯೂ800 ಬಂದಾಗ ಅದಕ್ಕೆ 1979ರ ಕ್ಯಾಸೆಟ್ ಪ್ಲೇಯರಿನ ‘ವಾಕ್‌ಮನ್’ ಹೆಸರನ್ನೇ ಕೊಟ್ಟಿದ್ದರು. ಜೊತೆಗೆ 512 ಎಂಬಿ ಕಾರ್ಡು. ನೋಕಿಯಾದವರ ‘ಎಕ್ಸ್‌ಪ್ರೆಸ್‌ಮ್ಯೂಸಿಕ್’ ಸಾಲಿನಲ್ಲಿ 2007ರ 5310 ಬಲು ಜನಪ್ರಿಯ. ತೆಳ್ಳಗಿತ್ತು, ಪರದೆಯ ಮಗ್ಗುಲಲ್ಲೇ ಹಾಡು ಹಿಂದೆ ಮುಂದೆ ಮಾಡುವ ಕೀಲಿಗಳಿದ್ದವು, ಪೇಟೆಯಲ್ಲಿ ಸಿಗುವ ಸಾದಾ 3.5 ಮಿ.ಮೀ. ಇಯರ್‌ಫೋನ್ ಅದಕ್ಕೆ ಹೊಂದುತ್ತಿತ್ತು. ಈ ಕೊನೆಯ ಮಾತು ಸಣ್ಣದಲ್ಲ. ಆಗ ಅನೇಕ ಫೋನುಗಳಿಗೆ ಆಯಾ ಕಂಪನಿಯ ಇಯರ್‌ಫೋನೇ ಬೇಕಿತ್ತು, ಅದರ ವೈರು ಹರಿದರೆ ಹಾಡು ಕೇಳುವುದೂ ನಿಂತಂತೆ.

ಗಡಿಯಾಚೆಯ ನಮಗೆ ಇದರಿಂದ ಬೇರೆಯದೇ ಒಂದು ಉಪಯೋಗವಾಯಿತು. ಅಕ್ಕಲಕೋಟ ಕಡೆಯ ನಮ್ಮೂರಿನ ಅಂಗಡಿಯಲ್ಲಿ ಕಾರ್ಡಿಗೆ ಹಾಡು ಹಾಕಿಸಲು ಹೋದರೆ ಕಂಪ್ಯೂಟರಿನಲ್ಲಿ ಇರುತ್ತಿದ್ದುದು ಹಿಂದಿ, ಮರಾಠಿ. ಕನ್ನಡ ಎಂದರೆ ಅಂಗಡಿಯ ಹುಡುಗ ಎಂಟು ಹತ್ತು ಸಿನಿಮಾ ಹಾಡು ತೋರಿಸುತ್ತಿದ್ದ. ಹೀಗಾಗಿ ಇಂಡಿಗೋ ಆಳಂದಕ್ಕೋ ಮದುವೆಗೆ ಹೊರಟವರ ಜೇಬಿನಲ್ಲಿ ಊರಿನ ನಾಲ್ಕೈದು ಮನೆಯ ಕಾರ್ಡು ಇರುತ್ತಿದ್ದವು. ಲೆಕ್ಕ ಸರಳ. 128 ಕೆಬಿಪಿಎಸ್ ಎಂಪಿ3 ಎಂದರೆ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಎಂಬಿ. ಐದು ನಿಮಿಷದ ಹಾಡಿಗೆ ಐದು ಎಂಬಿ, ಒಂದು ಜಿಬಿ ಕಾರ್ಡಿಗೆ ಇನ್ನೂರು ಹಾಡು. ಇನ್ನೂರು ಹಾಡು ತಂದವನಿಗೆ ಆ ವಾರ ಊರಲ್ಲಿ ಚಹಾ ಪುಕ್ಕಟೆ. ಅವನಿಂದ ಬ್ಲೂಟೂತ್‌ನಲ್ಲಿ ಎಲ್ಲರಿಗೂ ಹಂಚಿಕೆ, ಎರಡು ಫೋನು ಕಟ್ಟೆಯ ಮೇಲೆ ಮೂತಿಗೆ ಮೂತಿ ಇಟ್ಟುಕೊಂಡು ಕಾಯುವುದು. ಹಾಡು ಕಟ್ಟಿದವರಿಗೆ, ಕ್ಯಾಸೆಟ್ ತಂದವರಿಗೆ ಇದರಿಂದ ಒಂದು ಪೈಸೆ ಹೋಗಲಿಲ್ಲ ಎಂಬುದೂ ನಿಜ. ಆಗ ಯಾರೂ ಅದನ್ನು ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ತಂದ ಹಾಡು ಹುಡುಕುವುದು ಇನ್ನೊಂದು ಪಾಡು. ಎಂಪಿ3 ಫೈಲಿನೊಳಗೆ ಹಾಡಿನ ಹೆಸರು, ಹಾಡಿದವರ ಹೆಸರು ಬರೆದಿಡಲು ಸಣ್ಣ ಚೀಟಿಯಂಥ ಜಾಗ ಇರುತ್ತದೆ. ಅದರಲ್ಲಿ ಕನ್ನಡದಲ್ಲಿ ಬರೆದಿದ್ದರೂ ಫೋನಿನಲ್ಲಿ ಕನ್ನಡ ಅಕ್ಷರಗಳ ಫಾಂಟ್ ಇಲ್ಲದಿದ್ದರೆ ಸಾಲಾಗಿ ಚೌಕದ ಡಬ್ಬಿಗಳೇ ಕಾಣುತ್ತವೆ. ನಮ್ಮ ಕಡೆ ಮಾರುತ್ತಿದ್ದ ಫೋನಿನಲ್ಲಿ ದೇವನಾಗರಿ ಇರುತ್ತಿತ್ತು, ಕನ್ನಡ ಇರುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟರು. ಒಂದೇ ವಚನ ಒಬ್ಬೊಬ್ಬರ ಕಾರ್ಡಿನಲ್ಲಿ ಒಂದೊಂದು ಕಾಗುಣಿತ. ಈಗ ಹಳೆಯ ಕಾರ್ಡು ತೆರೆದರೆ ‘ಟ್ರ್ಯಾಕ್ 07’ ಎಂಬ ಹೆಸರಿನದೇ ಹತ್ತಾರು ಕಂಡಾವು. ಹೆಸರು ನೋಡಿ ಅಳಿಸಬೇಡಿ, ಕೇಳಿ ನೋಡಿ.

ಕಾಸರಗೋಡಿನ ಗೆಳೆಯರೊಬ್ಬರ ತಕರಾರು ಬೇರೆ. ಅವರು ಕಾರ್ಡಿನ ತುಂಬ ತಾಳಮದ್ದಳೆ ಹಾಕಿಕೊಂಡಿದ್ದರು. ಪ್ಲೇಯರ್ ಮಾಡಿದ್ದು ಐದು ನಿಮಿಷದ ಹಾಡಿಗೆ. ಎರಡು ಗಂಟೆಯ ಪ್ರಸಂಗದಲ್ಲಿ ಅರ್ಥಧಾರಿ ವಾದಕ್ಕೆ ಇಳಿಯುವ ಹೊತ್ತಿಗೆ ಜೇಬಿನಲ್ಲಿ ಕೀಲಿ ಒತ್ತಿ ಹೋದರೆ ಮತ್ತೆ ಮೊದಲಿನಿಂದ. ಕೊನೆಗೆ ಅವರ ಮಗ ಪ್ರಸಂಗವನ್ನು ಹತ್ತು ಹತ್ತು ನಿಮಿಷಕ್ಕೆ ತುಂಡು ಮಾಡಿಕೊಟ್ಟನಂತೆ.

ಮ್ಯೂಸಿಕ್ ಫೋನು ನಮಗೆ ಕೊಟ್ಟದ್ದು ಇಷ್ಟಾದರೆ ಸದ್ದಿಲ್ಲದೆ ಕಸಿದದ್ದೂ ಒಂದಿದೆ. ಅದು ರೇಡಿಯೊ. ನಮ್ಮಪ್ಪನ ಟ್ರಾನ್ಸಿಸ್ಟರ್‌ನಲ್ಲಿ ಧಾರವಾಡ, ಕಲಬುರಗಿ ಕೇಂದ್ರಗಳು ಮೀಡಿಯಂ ವೇವ್‌ನಲ್ಲಿ ಬರುತ್ತಿದ್ದವು. ಆ ತರಂಗ ನೆಲವನ್ನು ಅನುಸರಿಸಿಕೊಂಡು ದೂರ ಹರಿಯುತ್ತದೆ, ರಾತ್ರಿ ಆಕಾಶದ ಮೇಲ್ಪದರಕ್ಕೆ ಬಡಿದು ಇನ್ನೂ ದೂರ ಬೀಳುತ್ತದೆ. ರಾಜ್ಯದ ಗಡಿ ಅದಕ್ಕೆ ಗೊತ್ತಿಲ್ಲ. ಮ್ಯೂಸಿಕ್ ಫೋನಿನಲ್ಲಿದ್ದದ್ದು ಎಫ್‌ಎಂ ಮಾತ್ರ. ಎಫ್‌ಎಂ ತರಂಗ ಹೆಚ್ಚುಕಡಿಮೆ ನೇರ ನೋಟದಲ್ಲಿ ಹೋಗುವಂಥದು. ಗೋಪುರದಿಂದ ಕೆಲವು ಹತ್ತು ಕಿಲೊಮೀಟರ್, ಗುಡ್ಡ ಅಡ್ಡ ಬಂದರೆ ಅಷ್ಟೂ ಇಲ್ಲ. ಮೇಲಾಗಿ ಇಯರ್‌ಫೋನಿನ ವೈರೇ ಅದಕ್ಕೆ ಆಂಟೆನಾ, ಚುಚ್ಚದಿದ್ದರೆ ಕೇಂದ್ರವೇ ಸಿಗದು. ಫೋನಿನಲ್ಲೇ ರೇಡಿಯೊ ಇದೆಯಲ್ಲ ಎಂದು ಟ್ರಾನ್ಸಿಸ್ಟರ್ ಅಟ್ಟಕ್ಕೆ ಏರಿತು, ಅದರ ಜೊತೆ ಸಂಜೆಯ ಕನ್ನಡ ಕಾರ್ಯಕ್ರಮವೂ. ಈಗ ಪ್ರಸಾರ ಭಾರತಿಯ ಆ್ಯಪ್‌ನಲ್ಲಿ ಆಕಾಶವಾಣಿಯ ಕನ್ನಡ ಕೇಂದ್ರಗಳನ್ನು ಎಲ್ಲಿಂದಲಾದರೂ ಕೇಳಬಹುದು. ಅಪ್ಪನಿಗೆ ಅದನ್ನು ಹಾಕಿಕೊಡಲು ಆಗಲಿಲ್ಲ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಸಿನಿಮಾ ಹಾಡು, ಭಜನೆ, ಯಕ್ಷಗಾನದ ಹಾಡುಗಳಲ್ಲಿ ಬಹಳಷ್ಟು ಬೇರೆ ಕಡೆಯೂ ಸಿಗುತ್ತವೆ. ಎಲ್ಲಿಯೂ ಸಿಗದೆ ಇರುವುದು ಆ ಫೋನಿನ ರೆಕಾರ್ಡರಿನಲ್ಲಿ ಹಿಡಿದ ನಮ್ಮ ಮನೆಯವರ ದನಿ.

2010ರ ಪಂಚಮಿಗೆ ದೊಡ್ಡವ್ವ ಬಂದಿದ್ದಳು. ಬೀಸುವ ಕಲ್ಲಿನ ಮುಂದೆ ಸುಮ್ಮನೆ ಕೂತು ಪದ ಶುರು ಮಾಡಿದಾಗ ನಾನು ಫೋನಿನ ರೆಕಾರ್ಡರ್ ಒತ್ತಿ ಪಕ್ಕದಲ್ಲಿಟ್ಟೆ. “ಇದರಾಗ ನನ್ನ ದನಿ ಹಿಡೀತದೇನೋ ತಮ್ಮಾ?” ಎಂದಳು. ಕೇಳಿಸಿದ ಮೇಲೆ, “ಇದು ನನ್ನ ದನಿ ಅಲ್ಲ ಬಿಡು, ಯಾವುದೋ ಮುದುಕೀದು” ಎಂದು ನಕ್ಕಳು. ನಾಲ್ಕನೇ ನಿಮಿಷಕ್ಕೆ ಯಾರದೋ ಕರೆ ಬಂದು ರೆಕಾರ್ಡಿಂಗ್ ನಿಂತುಹೋಯಿತು. ಉಳಿದದ್ದು ಮುಂದಿನ ಸಲ ಬಂದಾಗ ಹಿಡಿದರಾಯಿತು ಎಂದುಕೊಂಡೆ. ಮುಂದಿನ ಪಂಚಮಿಗೆ ಅವಳು ಇರಲಿಲ್ಲ.

ಅವಳ ಮಾತೂ ಪೂರ್ತಿ ತಪ್ಪಲ್ಲ. ಆ ಫೋನುಗಳು ದನಿಯನ್ನು ಸಾಮಾನ್ಯವಾಗಿ ಎಎಂಆರ್ ಎಂಬ ರೀತಿಯಲ್ಲಿ ಉಳಿಸುತ್ತಿದ್ದವು. ಫೋನಿನಲ್ಲಿ ಮಾತಾಡುವುದಕ್ಕೆಂದೇ ಮಾಡಿದ ವಿಧಾನ ಅದು. ನಿಮಿಷಕ್ಕೆ ಹೆಚ್ಚೆಂದರೆ ನೂರು ಕೆಬಿ, ಎಂಪಿ3ಯ ಹತ್ತರಲ್ಲೊಂದು ಪಾಲು. ಜಾಗ ಉಳಿಸಲು ಸುಮಾರು 3400 ಹರ್ಟ್ಸ್‌ಗಿಂತ ಮೇಲಿನ ಸ್ವರಗಳನ್ನೆಲ್ಲ ಕತ್ತರಿಸುತ್ತದೆ. ಮನುಷ್ಯರ ಮಾತು ಹೀಗಿರುತ್ತದೆ ಎಂದು ಊಹಿಸಿಕೊಂಡು ಲೆಕ್ಕ ಹಾಕುತ್ತದೆ. ಒಬ್ಬರೇ ಮಾತಾಡಿದರೆ ಸ್ಪಷ್ಟ. ಹಾಡಿನ ಜೊತೆ ತಾಳ, ಡೊಳ್ಳು, ಕಲ್ಲಿನ ಗರಗರ ಸೇರಿದರೆ ಅದಕ್ಕೆ ತಿಳಿಯುವುದಿಲ್ಲ, ಎಲ್ಲವೂ ನೀರಿನೊಳಗಿಂದ ಬಂದಂತೆ ಆಗುತ್ತದೆ. ಕತ್ತರಿಸಿದ ಸ್ವರವನ್ನು ಯಾವ ಅಂಗಡಿಯವರೂ ಮರಳಿ ತಂದುಕೊಡಲಾರರು. ಎಂಪಿ3ಗೆ ಬದಲಾಯಿಸಿದರೆ ದನಿ ಸುಧಾರಿಸುತ್ತದೆ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಇದ್ದಂತೆಯೇ ಇಟ್ಟುಕೊಳ್ಳಿ, ಅದೇ ಅಸಲು. ವಿಎಲ್‌ಸಿ ಪ್ಲೇಯರ್ ಇದನ್ನು ತೆರೆಯುತ್ತದೆ, ಪುಕ್ಕಟೆ ಸಿಗುತ್ತದೆ.

ಈಗ ಹೊರತೆಗೆಯುವ ಬಗೆ. ಮೊದಲು ಬ್ಯಾಟರಿ ತೆಗೆದು ಮೇಜಿನ ಮೇಲಿಟ್ಟು ನೋಡಿ. ಹೊಟ್ಟೆ ಉಬ್ಬಿದ್ದರೆ ಅದನ್ನು ಚಾರ್ಜಿಗೆ ಹಾಕಲೇಬೇಡಿ, ಬೆಂಕಿ ಹತ್ತಬಹುದು. ಬಿಎಲ್-5ಸಿ ಎಂದು ಬರೆದಿದ್ದರೆ ನಿಮ್ಮ ಅದೃಷ್ಟ. ಅಂಗೈ ಅಗಲದ ರೇಡಿಯೊ ಡಬ್ಬಿಗಳಿಗೂ ಅದನ್ನೇ ಹಾಕುವುದರಿಂದ ಸಣ್ಣ ಊರಿನಲ್ಲೂ ಸಿಗುತ್ತದೆ. 5310ಕ್ಕೆ ಬಿಎಲ್-4ಸಿಟಿ ಬೇಕು, ಸ್ವಲ್ಪ ಹುಡುಕಬೇಕಾದೀತು. ಉಬ್ಬದೆ ಬರಿ ಖಾಲಿಯಾಗಿದ್ದರೆ ಚಾರ್ಜಿಗೆ ಹಾಕಿ ಅರ್ಧ ಗಂಟೆ ಕಾಯಿರಿ, ಮೊದಲ ಕೆಲವು ನಿಮಿಷ ಪರದೆ ಬೆಳಗದಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಹಲವು ಫೋನುಗಳು ಸಿಮ್ ಇಲ್ಲದೆ ಪೂರ್ತಿ ತೆರೆಯುವುದಿಲ್ಲ. ಈಗಿನ ಸಣ್ಣ ಸಿಮ್‌ಗೆ ಪ್ಲಾಸ್ಟಿಕ್ ಚೌಕಟ್ಟು ಹಾಕಿ ಕೂರಿಸಬಹುದು, ನೆಟ್‌ವರ್ಕ್ ಬರಬೇಕೆಂದೇನೂ ಇಲ್ಲ.

ಕಾರ್ಡು ಮೈಕ್ರೊ ಎಸ್‌ಡಿ ಆಗಿದ್ದರೆ ಯಾವ ಕಾರ್ಡ್ ರೀಡರ್ ಆದರೂ ಸಾಕು. ಕಂಪ್ಯೂಟರ್ “ಫಾರ್ಮ್ಯಾಟ್ ಮಾಡಲೇ?” ಎಂದು ಕೇಳಿದರೆ ಬೇಡ ಎನ್ನಿ. ಹೂಂ ಎಂದರೆ ಒಳಗಿನದು ಹೋದಂತೆಯೇ. ಎಷ್ಟೋ ಜನ ಹಿಂದೆ ಕಾರ್ಡಿಗೆ ಪಾಸ್‌ವರ್ಡ್ ಹಾಕಿ ಮರೆತಿದ್ದಾರೆ. ಅಂಥ ಕಾರ್ಡು ಹಾಕಿದ ಫೋನಿನಲ್ಲಿ ಮಾತ್ರ ಸುಲಭವಾಗಿ ತೆರೆಯುತ್ತದೆ, ಬೇರೆ ಕಡೆ ಸತ್ತ ಕಾರ್ಡಿನಂತೆ ಕಾಣುತ್ತದೆ. ಫೋನನ್ನು ಬಿಸಾಡಬೇಡಿ ಎಂದದ್ದಕ್ಕೆ ಇದೂ ಒಂದು ಕಾರಣ. ಸೋನಿ ಎರಿಕ್ಸನ್‌ನ ಅನೇಕ ಫೋನುಗಳಲ್ಲಿ ಎಂ2 ಎಂಬ ಬೇರೆ ಜಾತಿಯ ಕಾರ್ಡು ಇತ್ತು, ಅದರ ರೀಡರ್ ಈಗ ಅಪರೂಪ. ಆ ಫೋನಿನದೇ ಕೇಬಲ್ ಹುಡುಕಿ.

ರೆಕಾರ್ಡಿಂಗ್ ಕಾರ್ಡಿನಲ್ಲಿ ಕಾಣದಿದ್ದರೆ ಫೋನಿನ ಸ್ವಂತ ಮೆಮೊರಿಯಲ್ಲಿ ಇರಬಹುದು. ದೊಡ್ಡವ್ವನದು ಅಲ್ಲೇ ಇತ್ತು. ಬ್ಲೂಟೂತ್‌ನಲ್ಲಿ ಈಗಿನ ಫೋನಿಗೆ ಕಳಿಸಿಕೊಂಡೆ, ನಾಲ್ಕು ನೂರು ಕೆಬಿಯೂ ಇಲ್ಲದ ಫೈಲು. ವಾಟ್ಸ್‌ಆ್ಯಪ್‌ನಲ್ಲಿ ಇನ್ನೊಬ್ಬರಿಗೆ ಕಳಿಸುವಾಗ ‘ಡಾಕ್ಯುಮೆಂಟ್’ ಎಂದೇ ಕಳಿಸಿ, ಫೈಲು ಇದ್ದಂತೆಯೇ ಹೋಗುತ್ತದೆ. ಎರಡು ಪ್ರತಿ ಮಾಡಿ ಎರಡು ಮನೆಯಲ್ಲಿಡಿ. ಹೆಸರನ್ನು ಈಗಲಾದರೂ ಕನ್ನಡದಲ್ಲಿ ಬರೆಯಿರಿ: ಯಾರು ಹಾಡಿದ್ದು, ಯಾವ ಊರು, ಯಾವ ಇಸವಿ, ಯಾವ ಹೊತ್ತಿನ ಪದ.

ಇದನ್ನು ಮುಂದಕ್ಕೆ ಹಾಕಬೇಡಿ ಎನ್ನಲು ಕಾರಣವಿದೆ. ಕಾರ್ಡಿನಲ್ಲಿ ದನಿ ಉಳಿಯುವುದು ಅತಿ ಸಣ್ಣ ವಿದ್ಯುತ್ ಅಂಶಗಳಾಗಿ. ವರ್ಷಗಟ್ಟಲೆ ಬಳಸದೆ ಇಟ್ಟರೆ ಅವು ಮೆಲ್ಲಗೆ ಸೋರುತ್ತವೆ. ಕೆಲವು ಕಾರ್ಡು ಇಪ್ಪತ್ತು ವರ್ಷ ತಡೆದಾವು, ಕೆಲವು ತಡೆಯಲಿಕ್ಕಿಲ್ಲ, ಹೊರಗಿನಿಂದ ನೋಡಿದರೆ ಯಾವುದು ಎಂದು ಹೇಳಲಾಗದು.

ಮುಂದಿನ ಮಾಸಿಕ ಸಭೆಗೆ ನನ್ನಲ್ಲಿರುವ ಎರಡು ಬಗೆಯ ಕಾರ್ಡ್ ರೀಡರ್, ಹಳೆಯ ತೆಳು ಪಿನ್ನಿನ ಮತ್ತು ದಪ್ಪ ಪಿನ್ನಿನ ಚಾರ್ಜರ್, ಒಂದು ಬಿಎಲ್-5ಸಿ ಬ್ಯಾಟರಿ ತರುತ್ತೇನೆ. ಫೋನು ತರುವವರು ಚಾರ್ಜರ್ ಇದ್ದರೆ ಅದನ್ನೂ, ಜೊತೆಗೆ ಒಂದು ಖಾಲಿ ಪೆನ್‌ಡ್ರೈವನ್ನೂ ತನ್ನಿ. ಹಾಡಿದವರು ಯಾರೆಂದು ಗುರುತಿಸಬಲ್ಲ ಮನೆಯ ಹಿರಿಯರನ್ನು ಕರೆದುಕೊಂಡು ಬಂದರೆ ಇನ್ನೂ ಒಳ್ಳೆಯದು.