ರಕ್ಷಣಾ ವೆಚ್ಚದ ಲೆಕ್ಕ

ಪ್ರತಿವರ್ಷ ಆಯವ್ಯಯ ಪತ್ರ ಮಂಡನೆಯಾದೊಡನೆ ‘ರಕ್ಷಣೆಗೆ ಇಷ್ಟು ಲಕ್ಷ ಕೋಟಿ’ ಎಂಬ ವಾರ್ತೆಯನ್ನು ನೀವು ಕೇಳುತ್ತೀರಿ. ಈ ಮೊತ್ತವನ್ನು ಗೊತ್ತುಮಾಡುವವರು ಯಾರು? ಅದರ ಮೇಲೆ ಕಣ್ಣಿಡುವವರು ಯಾರು?

ಮೊದಲು ಭೂಸೇನೆ, ನೌಕಾಸೇನೆ, ವಾಯುಸೇನೆಗಳು ತಮ್ಮ ಅಗತ್ಯಗಳ ಅಂದಾಜನ್ನು ರಕ್ಷಣಾ ಸಚಿವಾಲಯಕ್ಕೆ ಸಲ್ಲಿಸುತ್ತವೆ. ಅರ್ಥ ಸಚಿವಾಲಯ ಅದನ್ನು ಬೊಕ್ಕಸದ ಶಕ್ತಿಯೊಡನೆ ತೂಗಿ ನೋಡುತ್ತದೆ. ಕೇಳಿದ್ದೆಲ್ಲ ದೊರೆಯುವುದಿಲ್ಲ. ಕಡೆಗೆ ಬೇಡಿಕೆಗಳು ಲೋಕಸಭೆಯ ಮುಂದೆ ಮತಕ್ಕೆ ಬರುತ್ತವೆ.

ಮೊತ್ತವನ್ನು ಓದುವಾಗಲೂ ಎಚ್ಚರ ಬೇಕು. 2024-25ರ ಆಯವ್ಯಯದಲ್ಲಿ ರಕ್ಷಣಾ ಸಚಿವಾಲಯಕ್ಕೆಂದು ತೋರಿಸಿದ ಸುಮಾರು 6.21 ಲಕ್ಷ ಕೋಟಿ ರೂಪಾಯಿಗಳಲ್ಲಿ 1.41 ಲಕ್ಷ ಕೋಟಿ ನಿವೃತ್ತಿ ವೇತನದ್ದೇ ಆಗಿತ್ತು. ಒಬ್ಬರು ಇದನ್ನು ಸೇರಿಸಿ, ಇನ್ನೊಬ್ಬರು ಬಿಟ್ಟು ಎಣಿಸಿದರೆ ಎರಡು ದೇಶಗಳ ಹೋಲಿಕೆ ಸರಿಹೋಗುವುದೆ? ಇದನ್ನು ತಪ್ಪಿಸಲೆಂದೇ, 1966ರಲ್ಲಿ ಸ್ಥಾಪನೆಯಾದ ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆಯು ನಿವೃತ್ತಿ ವೇತನವನ್ನೂ ಸೇರಿಸಿ, ಎಲ್ಲ ದೇಶಗಳನ್ನೂ ಸಾಧ್ಯವಾದಮಟ್ಟಿಗೆ ಒಂದೇ ಅಳತೆಗೋಲಿನಿಂದ ಅಳೆಯುತ್ತದೆ.

ಖರ್ಚಾದ ಹಣವನ್ನು ಮಹಾಲೇಖಪಾಲರು ಪರಿಶೋಧಿಸುತ್ತಾರೆ. ಅವರ ವರದಿಯನ್ನು ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿಚಾರಿಸುತ್ತದೆ. 1967ರಿಂದ ಈ ಸಮಿತಿಯ ಅಧ್ಯಕ್ಷಸ್ಥಾನವನ್ನು ವಿರೋಧಪಕ್ಷದವರಿಗೆ ಕೊಡುವ ಸಂಪ್ರದಾಯ ಬೆಳೆದುಬಂದಿದೆ.

ಏರ್ಪಾಡೇನೋ ಅಚ್ಚುಕಟ್ಟಾದುದೇ. ಆದರೆ 2018ರ ಮಾರ್ಚಿಯಲ್ಲಿ ರಕ್ಷಣೆಯೂ ಸೇರಿ ಎಲ್ಲ ಸಚಿವಾಲಯಗಳ ಬೇಡಿಕೆಗಳು ಲೋಕಸಭೆಯಲ್ಲಿ ಚರ್ಚೆಯಿಲ್ಲದೆ ಅಂಗೀಕಾರವಾದವು. ಆ ಹಣ ನಮ್ಮ ನಿಮ್ಮ ತೆರಿಗೆಯದು. ದಿನಸಿ ಅಂಗಡಿಯ ಚೀಟಿಯನ್ನು ಓದಿನೋಡದೆ ನೀವು ಹಣ ಕೊಡುತ್ತೀರಾ? ದೇಶದ ಚೀಟಿಯನ್ನೂ ಓದುವವರಿರಬೇಕು, ಪ್ರಶ್ನಿಸುವವರೂ ಇರಬೇಕು.