ಕಾಲಿನ ರಕ್ತಕ್ಕೆ ಬದಲು ದಾರಿ

ಶಹಾಬಾದದ ಪರ್ಸಿ ಕಲ್ಲಿನ ಗಣಿಗಳಲ್ಲಿಯೂ ವಾಡಿಯ ಸಿಮೆಂಟು ಕಾರ್ಖಾನೆಯಲ್ಲಿಯೂ ಚಿತ್ತಾಪುರ, ಸೇಡಂಗಳ ತೊಗರಿಯ ಹೊಲಗಳಲ್ಲಿಯೂ ದುಡಿಯುವವರಿಗೆ ಕಾಲೇ ಬಂಡವಾಳ. ನೂರು ಹೆಜ್ಜೆ ಇಡುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು, ನಿಂತರೆ ನೋವಿಳಿದು, ಮತ್ತೆ ನಡೆದೊಡನೆ ಮರುಕಳಿಸುವುದಾದರೆ, ಅದನ್ನು ವಾಯುವೆಂದೆಣಿಸಿ ಎಣ್ಣೆ ತಿಕ್ಕುತ್ತ ಕೂರುವುದು ಸಲ್ಲದು. ತಂಬಾಕಿನಿಂದಲೋ ಮಧುಮೇಹದಿಂದಲೋ ಧಮನಿಯ ಒಳಗೋಡೆ ದಪ್ಪವಾಗಿ, ರಕ್ತದ ಹಾದಿ ಸಂಕುಚಿತವಾಗಿರುವುದರ ಲಕ್ಷಣವದು.

ಮುಚ್ಚಿದ ಧಮನಿಯನ್ನು ಬಳಸಿ ಬದಲು ದಾರಿ ಹಾಕಬಹುದೆಂದು 1948ರಲ್ಲಿ ಪ್ಯಾರಿಸಿನ ಶಸ್ತ್ರವೈದ್ಯ ಕುನ್ಲಿನ್, ರೋಗಿಯ ತೊಡೆಯ ಸಿರೆಯನ್ನೇ ಜೋಡಿಸಿ ತೋರಿಸಿದರು. ಅಮೆರಿಕದ ವೂರ್ಹೀಸ್ ಕೃತಕ ನೂಲಿನ ಬಟ್ಟೆಯ ನಳಿಕೆಯನ್ನು ನಾಯಿಗಳಲ್ಲಿ ಪರೀಕ್ಷಿಸಿ, ಫಲವನ್ನು 1952ರಲ್ಲಿ ಪ್ರಕಟಿಸಿದರು. ಹೂಸ್ಟನ್ನಿನ ಡಿಬೇಕಿಯವರಂತೂ ಡೇಕ್ರಾನ್ ಬಟ್ಟೆಯನ್ನು ಪತ್ನಿಯ ಹೊಲಿಗೆಯಂತ್ರದಲ್ಲಿ ತಾವೇ ಹೊಲಿದರು. ಟೆಫ್ಲಾನ್ ಜಾತಿಯ ಪಿ.ಟಿ.ಎಫ್.ಇ. ನಳಿಕೆ ಬಂದದ್ದು 1970ರ ದಶಕದಲ್ಲಿ.

ಈ ಬದಲು ದಾರಿಗಳು ಎಷ್ಟು ಕಾಲ ತೆರೆದಿರುತ್ತವೆ ಎಂಬುದು ಜೋಡಿಸಿದ ಸ್ಥಳವನ್ನವಲಂಬಿಸಿದೆ. ಹೊಟ್ಟೆಯ ಮಹಾಧಮನಿಯಿಂದ ತೊಡೆಸಂದಿಯವರೆಗಿನ ಅಗಲವಾದ ಹಾದಿಯಲ್ಲಿ, ರಕ್ತ ರಭಸದಿಂದ ಹರಿಯುವುದರಿಂದ, ಡೇಕ್ರಾನ್ ನಳಿಕೆ ಬಹುಮಂದಿಯಲ್ಲಿ ವರ್ಷಾನುವರ್ಷ ನಿಲ್ಲುತ್ತದೆ. ಮೊಣಕಾಲಿನ ಕೆಳಗಿನ ಕಿರುಧಮನಿಗಳ ಸ್ಥಿತಿ ಬೇರೆ: 1986ರಲ್ಲಿ ಪ್ರಕಟವಾದ ವೀತ್ ಮತ್ತಿತರರ ಅಧ್ಯಯನದಲ್ಲಿ ಅಲ್ಲಿ ನಾಲ್ಕು ವರ್ಷಗಳ ಬಳಿಕವೂ ತೆರೆದಿದ್ದವು ನೂರಕ್ಕೆ 49 ಸ್ವಂತ ಸಿರೆಗಳು, ಪಿ.ಟಿ.ಎಫ್.ಇ. ಕೇವಲ 12. ಜೀವಂತ ಒಳಪೊರೆಯಿಲ್ಲದ, ಧಮನಿಯಂತೆ ಹಿಗ್ಗಿ ಕುಗ್ಗದ ಆ ನಳಿಕೆಯ ಜೋಡಣೆಯಲ್ಲಿ ಅಂಗಾಂಶ ಬೆಳೆದು ಕಿರಿದಾಗಿ, ಮಂದಗತಿಯ ರಕ್ತ ಅಲ್ಲಿಯೇ ಹೆಪ್ಪುಗಟ್ಟುತ್ತದೆ. ಸೋಂಕು ತಗುಲಿದರಂತೂ ನಳಿಕೆಯನ್ನೇ ಹೊರತೆಗೆಯಬೇಕಾದೀತು. ಆದರೂ ನಳಿಕೆ ಮುಚ್ಚುವ ಮೊದಲೇ, ರಕ್ತ ಸಾಲದೆ ಆಗಿದ್ದ ಬೆರಳಿನ ಹುಣ್ಣು ಮಾಯ್ದಿದ್ದರೆ ಕಾಲು ಉಳಿಯುವುದುಂಟು. ಆದ್ದರಿಂದ ಸಿರೆಯಿಲ್ಲದವರಿಗೆ ಕೃತಕ ನಳಿಕೆಯನ್ನು ವ್ಯರ್ಥವೆನ್ನಲಾಗದು.

ಬೀಡಿ ಸೇದುವ ತರುಣರನ್ನು ಕಾಡುವ, 1908ರಲ್ಲಿ ಬರ್ಗರ್ ವಿವರಿಸಿದ ವ್ಯಾಧಿಯ ವಿಷಯದಲ್ಲಿ ನನ್ನ ಮನಸ್ಸು ವಿಶೇಷವಾಗಿ ನೋಯುತ್ತದೆ. ಅಲ್ಲಿ ಪಾದದ ಕಿರುಧಮನಿಗಳೇ ಮುಚ್ಚುವುದರಿಂದ, ಬದಲು ದಾರಿಯ ಕೊನೆಯನ್ನು ಸೇರಿಸಲು ತೆರೆದ ಧಮನಿ ಹಲವೊಮ್ಮೆ ಸಿಗದು. ಬೀಡಿ ಬಿಟ್ಟರೆ ಉಳಿಯುವ ಬೆರಳು, ಬಿಡದಿದ್ದರೆ ಶಸ್ತ್ರಕ್ರಿಯೆಯಾದರೂ ಉಳಿಯಲಾರದು.

ಕಲಬುರಗಿಯ ದೊಡ್ಡಾಸ್ಪತ್ರೆಗೆ ಹೋದವರು ಸಂಕೋಚವಿಲ್ಲದೆ ಕೇಳಬೇಕಾದ ಮಾತೊಂದುಂಟು: “ಸ್ವಾಮಿ, ನನ್ನ ಸ್ವಂತ ಸಿರೆ ಬರುವುದೋ, ಸ್ಕ್ಯಾನಿನಲ್ಲಿ ನೋಡಿದಿರಾ?” ನಳಿಕೆ ಹಾಕಿಸಿಕೊಂಡವರ ಕಾಲು ಹಠಾತ್ತನೆ ತಣ್ಣಗಾಗಿ ಬಿಳಿಚಿಕೊಂಡರೆ, ಬೆಳಗಾಗಲೆಂದು ಕಾಯದೆ, ಆ ರಾತ್ರಿಯೇ ಗಾಡಿ ಹಿಡಿಯಬೇಕು; ಏಕೆಂದರೆ ಹೆಪ್ಪನ್ನು ತೆಗೆದು ಕಾಲುಳಿಸುವುದಕ್ಕೆ ವೈದ್ಯರಿಗೆ ಸಿಗುವುದು ಕೆಲವೇ ಗಂಟೆಗಳು.